ಕಾಂಡಕೊರಕದ ಪೇಪರ್ ಓದಲು ದುಡ್ಡು ಕಟ್ಟಬೇಕಾ?

ದುಡ್ಡಿನ ಬೀಗ ಇರುವುದು ಬಹುಶಃ ಪ್ರಕಾಶಕರ ಪ್ರತಿಗೆ ಮಾತ್ರ. ಹಾಸನದಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳದ ಸಂಶೋಧನಾ ಪೇಪರ್ ಹುಡುಕಿದರೆ ಪ್ರತಿಯೊಂದಕ್ಕೂ ಸುಮಾರು ಮೂರು ಸಾವಿರ ರೂಪಾಯಿ ಕೇಳುತ್ತಿದೆ ಎಂದಿದ್ದೀರಿ. ಈಗಲೇ ಕಟ್ಟಬೇಡಿ.

ನಿಮ್ಮದು ಸರ್ಕಾರಿ ಕಾಲೇಜೋ ಖಾಸಗಿಯೋ ಬರೆದಿಲ್ಲ. ಸರ್ಕಾರಿ ಆದರೆ ಮೊದಲು ಲೈಬ್ರರಿಯಲ್ಲಿ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಲಾಗಿನ್ ಕೇಳಿ. ಜರ್ನಲ್‌ಗಳ ಚಂದಾ ಕೇಂದ್ರ ಸರ್ಕಾರವೇ ಕಟ್ಟುವ, 2025ರ ಜನವರಿಯಲ್ಲಿ ಶುರುವಾದ ಯೋಜನೆ, 30 ಪ್ರಕಾಶಕರ ಸುಮಾರು 13,000 ಜರ್ನಲ್ ಇವೆ. ಖಾಸಗಿ ಕಾಲೇಜುಗಳನ್ನು ಮೊದಲ ಹಂತದಲ್ಲಿ ಸೇರಿಸಲಿಲ್ಲ.

ಅಲ್ಲಿ ಸಿಗದಿದ್ದರೆ ಪೇಪರಿನ ಪೂರ್ತಿ ಶೀರ್ಷಿಕೆಯನ್ನು ಗೂಗಲ್ ಸ್ಕಾಲರ್‌ನಲ್ಲಿ ಹಾಕಿ, ಕೆಳಗಿನ ‘ಆಲ್ ವರ್ಷನ್ಸ್’ ಒತ್ತಿ. ಲೇಖಕರೇ ಇಟ್ಟ ಉಚಿತ ಪ್ರತಿ ಎಷ್ಟೋ ಸಲ ಅಲ್ಲಿರುತ್ತದೆ. ಬ್ರೌಸರಿಗೆ ‘ಅನ್‌ಪೇವಾಲ್’ ಎಂಬ ಉಚಿತ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಅಂಥ ಪ್ರತಿಯನ್ನು ಅದೇ ಹುಡುಕಿ ತೆರೆದ ಹಸಿರು ಬೀಗದ ಗುರುತು ತೋರಿಸುತ್ತದೆ.

ಅದೂ ಆಗಲಿಲ್ಲವೇ? ಲೇಖಕರಿಗೆ ಇಮೇಲ್ ಮಾಡಿ. ನಾಲ್ಕು ಸಾಲು ಸಾಕು: ನೀವು ಯಾರು, ಯಾವ ಪೇಪರ್, ಯಾಕೆ ಬೇಕು. ವಿಳಾಸ ಸಾಮಾನ್ಯವಾಗಿ ಸಾರಾಂಶದ ಪುಟದಲ್ಲೇ ಇರುತ್ತದೆ. ಸಂಕೋಚ ಬೇಡ, ನೀವು ಕಟ್ಟುವ ಆ ದುಡ್ಡಲ್ಲಿ ಅವರಿಗೆ ಪಾಲಿಲ್ಲ. ಎಲ್ಲರೂ ಉತ್ತರಿಸುತ್ತಾರೆ ಎನ್ನಲಾರೆ, ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ನಮ್ಮ ತೋಟದ ಹುಳದ ಬಗ್ಗೆ, ಎಷ್ಟೋ ಸಲ ನಮ್ಮದೇ ತೆರಿಗೆ ಹಣದಲ್ಲಿ ನಡೆದ ಕೆಲಸ ನಮ್ಮ ಹುಡುಗರಿಗೇ ಸಿಗದಿದ್ದರೆ ಅನ್ಯಾಯ ಅಲ್ವಾ.

ಪ್ರಬಂಧಗಳನ್ನು (ಥೀಸಿಸ್) ಮರೆಯಬೇಡಿ. ಅವನ್ನು ಇಟ್ಟಿರುವ ಕೃಷಿಕೋಶ, ಶೋಧಗಂಗಾ ಎಂಬ ಎರಡು ವೆಬ್‌ಸೈಟ್‌ಗಳಲ್ಲೂ ಹುಡುಕಿ. ಪೇಪರಿಗಿಂತ ಜಾಸ್ತಿ ವಿವರ ಇರುತ್ತದೆ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಗೂ ಕಾಲೇಜಿನ ಪತ್ರ ಹಿಡಿದು ಹೋಗಬಹುದು, ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.