ಸಿಎ-125 ರಕ್ತ ಪರೀಕ್ಷೆಯಿಂದ ಅಂಡಾಶಯದ ಕ್ಯಾನ್ಸರ್ ಮೊದಲೇ ಗೊತ್ತಾಗುತ್ತದೆಯೇ?

ತೊಂದರೆ ಏನೂ ಇಲ್ಲದಿದ್ದರೆ, ಹೆಲ್ತ್ ಪ್ಯಾಕೇಜಿನಲ್ಲಿದೆ ಎಂಬ ಕಾರಣಕ್ಕೆ ಇದನ್ನು ಮಾಡಿಸಬೇಡಿ.

ಸಿಎ-125 ಎಂಬುದು ರಕ್ತದಲ್ಲಿರುವ ಒಂದು ಪ್ರೋಟೀನ್. ಅದು ಪ್ರತಿ ಮಿಲಿಲೀಟರಿಗೆ 35 ಯೂನಿಟ್ ದಾಟಿದರೆ ಹೆಚ್ಚು ಎಂದು ರಿಪೋರ್ಟ್ ಬರುತ್ತದೆ, ಮನೆಮಂದಿಗೆಲ್ಲ ಗಾಬರಿ. ಆದರೆ ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ, ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ) ಅಥವಾ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ) ಇದ್ದಾಗಲೂ ಅದು ಏರುತ್ತದೆ. ಹೊಟ್ಟೆಯ ಟಿಬಿಯಲ್ಲಂತೂ ನೂರಾರರ ಲೆಕ್ಕಕ್ಕೆ ಹೋಗುವುದುಂಟು. ನಮ್ಮ ದೇಶದಲ್ಲಿ ಇದನ್ನು ಮರೆಯಲೇಬಾರದು. ಇತ್ತ ಮೊದಲ ಹಂತದ ಕ್ಯಾನ್ಸರ್ ಇರುವ ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಫಲಿತಾಂಶ ನಾರ್ಮಲ್ ಆಗಿಯೇ ಇರುತ್ತದೆ. ಆ ಸುಳ್ಳು ಸಮಾಧಾನವೇ ನನಗೆ ಹೆಚ್ಚು ಭಯ ಹುಟ್ಟಿಸುವುದು.

ಬ್ರಿಟನ್ನಿನಲ್ಲಿ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಬಂತು. ವರ್ಷವರ್ಷವೂ ಈ ಪರೀಕ್ಷೆ ಮಾಡಿದವರಲ್ಲಿ ರೋಗವೇನೋ ಸ್ವಲ್ಪ ಬೇಗ ಸಿಕ್ಕಿತು, ಸಾವು ಕಡಿಮೆಯಾಗಲಿಲ್ಲ.

ಗರ್ಭಕಂಠದ ಕ್ಯಾನ್ಸರಿಗೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯೇ ಸರಿ, ಅದಕ್ಕೆ ರಕ್ತ ಬೇಕಿಲ್ಲ. ತಾಯಿಗೋ ಅಕ್ಕತಂಗಿಯರಿಗೋ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಬಂದಿದ್ದರೆ ಈ ಕ್ಯಾನ್ಸರ್‌ಗಳ ಅಪಾಯ ವಂಶದಿಂದ ಬಂದಿದೆಯೇ ಎಂದು ನೋಡುವ ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಎರಡು ಮೂರು ವಾರ ಬಿಡದೆ ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದ್ದರೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂರಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ಆಗ ಸ್ಕ್ಯಾನಿಂಗ್ ಜೊತೆಗೆ ಇದೇ ಸಿಎ-125 ನಿಜವಾಗಿ ಉಪಯೋಗಕ್ಕೆ ಬರುತ್ತದೆ.