ತುಳುವಿನಲ್ಲಿ ಅಳು, ಕನ್ನಡದಲ್ಲಿ ಪ್ರಾರ್ಥನೆ

ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬರ ವಿಷಯ ಇದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಸುನೀತಾ ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ವಯಸ್ಸು 41. ಕರಾವಳಿಯ ಒಂದು ಊರು. ಶಾಲೆಯ ಆಫೀಸಿನಲ್ಲಿ ಕೆಲಸ, ಗಂಡ ಗಲ್ಫ್‌ನಲ್ಲಿ, ಮಗ ಪಿಯುಸಿ. ತಾಯಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷ. ಬಲಗೈ, ಬಲಗಾಲು ಆಡುವುದಿಲ್ಲ, ಮಾತೂ ನಿಂತಿದೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ನಿದ್ದೆ ಬರದೇ ಇರುವುದಲ್ಲ, ಮಲಗುವುದಕ್ಕೆ ಅವರಿಗೆ ಪುರಸೊತ್ತೇ ಇರಲಿಲ್ಲ.

ನಿಜವಾದ ಮಾತು ಎರಡನೇ ಭೇಟಿಯಲ್ಲಿ ಬಂತು. "ಒಂದು ದಿನ ಅಮ್ಮ ಗಂಜಿ ಉಗಿದರು ಮೇಡಂ. ಕೈಗೆ ಒಂದು ಹೊಡೆದುಬಿಟ್ಟೆ. ಅದೇ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ. ಅಮ್ಮನ ಸೇವೆ ದೇವರು ನನಗೆ ಕೊಟ್ಟ ಭಾಗ್ಯ ಅಂತ ಎಲ್ಲರ ಮುಂದೆ ಎದ್ದು ಸಾಕ್ಷಿ ಹೇಳಿದೆ. ಎಲ್ಲರೂ ಆಮೆನ್ ಅಂದರು." ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಸಂಡೇ ಸ್ಕೂಲಿನಲ್ಲಿ ಹದಿನೈದು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವರು ಅವರು. "ನಾನು ವೇಷ ಹಾಕ್ತಾ ಇದ್ದೇನೆ, ಅಲ್ವಾ?" ಎಂದು ಕೇಳಿದರು.

ನಂಬಿಕೆಯ ಮಾತಿಗೆ ಮೊದಲು ಬೇರೆ ಕೆಲವನ್ನು ಕೇಳಬೇಕಿತ್ತು. ಸಾಯುವ ಯೋಚನೆ ಬರುತ್ತದಾ? "ಬೆಳಿಗ್ಗೆ ಏಳದೇ ಇದ್ದರೆ ಸಾಕು ಅನ್ನಿಸುತ್ತದೆ, ಅಷ್ಟೇ." ಅಷ್ಟೇ ಎಂದು ನಾನು ಬಿಡಲಿಲ್ಲ. ವೈದ್ಯರ ಹತ್ತಿರ ಕಳುಹಿಸಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ಅಲ್ಲೇ ಉಳಿಸಿಕೊಟ್ಟೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಏರುಪೇರು, ರಕ್ತಹೀನತೆ ಎರಡೂ ಸಿಕ್ಕವು. ಮಾತ್ರೆ ಶುರುವಾಯಿತು. ಪ್ರಾರ್ಥನೆ ಮಾಡುವವರು ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದು ಕೆಲವರು ಹೇಳುತ್ತಾರೆ. ಆ ಮಾತಿನಿಂದ ಆಗುವ ಹಾನಿಯನ್ನು ನಾನು ತುಂಬ ನೋಡಿದ್ದೇನೆ. ಬೈಬಲಿನ ಪ್ರವಾದಿ ಎಲೀಯನು ಸಾಯಬೇಕು ಎಂದು ಮರದ ಕೆಳಗೆ ಮಲಗಿದಾಗ ದೇವದೂತನು ಬೋಧನೆ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟು ತಿನ್ನು ಎಂದ. ಅದನ್ನು ನೆನಪಿಸಿದೆ. ಮಕ್ಕಳಿಗೆ ಆ ಕಥೆ ಎಷ್ಟು ಸಲ ಹೇಳಿದ್ದಾರೋ, ತನಗೆಂದು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಮುಂದಿನ ಸಲ ಬಂದಾಗ ಒಂದು ಪ್ರಶ್ನೆ ಕೇಳಿದೆ. ಅಮ್ಮನ ಜೊತೆ ಯಾವ ಭಾಷೆ? ತುಳು. ಸಿಟ್ಟು ಬಂದರೆ? ತುಳು. ಅಳು? ತುಳುವೇ. ಪ್ರಾರ್ಥನೆ? "ಕನ್ನಡ. ಸಭೆಯ ಕನ್ನಡ."

ನಮ್ಮ ಕಡೆಯ ಪ್ರಾಟೆಸ್ಟಂಟ್ ಮನೆಗಳಲ್ಲಿ ಇದು ಹಳೆಯ ರೂಢಿ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಮಂಗಳೂರಿಗೆ ಬಂದ ಮೇಲೆ ಆ ಮಿಶನರಿಗಳು ತುಳುವನ್ನೂ ಕಲಿತರು. ಅವರಲ್ಲೊಬ್ಬರಾದ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ ಬಂತು. ಆದರೂ ಎಷ್ಟೋ ಕುಟುಂಬಗಳಲ್ಲಿ ಬೈಬಲ್, ಕೀರ್ತನೆ, ಪ್ರಾರ್ಥನೆ ಕನ್ನಡದಲ್ಲೇ ಉಳಿದವು. ಅದರಲ್ಲಿ ತಪ್ಪೇನಿಲ್ಲ, ಆ ಕನ್ನಡ ನನಗೂ ತುಂಬ ಪ್ರೀತಿ. ಆದರೆ ಸುನೀತಾ ಅವರ ಪ್ರಾರ್ಥನೆ ಎಷ್ಟು ಪಳಗಿತ್ತೆಂದರೆ ಅವರ ಮನಸ್ಸು ಅಲ್ಲಿ ಇಲ್ಲದಿದ್ದರೂ ಮಾತು ತಾನಾಗಿ ಬರುತ್ತಿತ್ತು. ಪರಲೋಕದ ತಂದೆಯೇ ಎಂದು ಶುರುವಾದರೆ ಆಮೆನ್ ತನಕ ಎಲ್ಲೂ ತಡವರಿಕೆ ಇಲ್ಲ. ಹೊಡೆದ ಕೈಗೆ ಅಲ್ಲಿ ಜಾಗವೇ ಇರಲಿಲ್ಲ.

ಒಂದು ವಾರ ಚಂದದ ಪ್ರಾರ್ಥನೆ ನಿಲ್ಲಿಸಿ ಎಂದೆ. ರಾತ್ರಿ ಅಮ್ಮನ ಮಗ್ಗುಲು ಬದಲಿಸುವಾಗ ತುಳುವಿನಲ್ಲಿ ಒಂದೇ ಒಂದು ವಾಕ್ಯ ಹೇಳಿ, ಆ ಹೊತ್ತಿಗೆ ಯಾವುದು ನಿಜವೋ ಅದು. "ಬೈಗುಳ ಬಂದರೆ?" ಬರಲಿ. ಕೀರ್ತನೆ 88 ತೆಗೆದು ತೋರಿಸಿದೆ. ಅದು ಸ್ತುತಿಯಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಬೈಬಲಿನಿಂದ ಯಾರೂ ಹರಿದು ಹಾಕಿಲ್ಲ.

"ಎರಡು ರಾತ್ರಿ ಬಾಯೇ ಬರಲಿಲ್ಲ. ಮೂರನೇ ದಿನ 'ದೇವೆರೆ, ಎಂಕ್ ಬಂಗ ಆಪುಂಡು' ಅಂದೆ," ಎಂದರು. ದೇವರೇ, ನನಗೆ ಕಷ್ಟ ಆಗ್ತಿದೆ. ಅಷ್ಟೇ ಮಾತು. ಅಮ್ಮನಿಗೂ ಕೇಳಿಸಿತು. ಮಾತು ಹೋಗಿದ್ದರೂ ಕಿವಿ ಚುರುಕಾಗಿದೆ. ಹೊಡೆದದ್ದಕ್ಕೆ ಅಮ್ಮನ ಹತ್ತಿರವೂ ಆ ರಾತ್ರಿಯೇ ಕ್ಷಮೆ ಕೇಳಿದರಂತೆ.

ಆಮೇಲಿನ ಸಲಹೆಗೆ ಅವರು ಸುಲಭವಾಗಿ ಒಪ್ಪಲಿಲ್ಲ. ಸೇವೆಯನ್ನು ಹಂಚಿಕೊಳ್ಳಿ ಎಂದಿದ್ದೆ. "ನಾನು ಮಾಡಬೇಕಾದದ್ದನ್ನು ಬೇರೆಯವರಿಗೆ ಕೊಟ್ಟರೆ ಅದು ನಂಬಿಕೆಯಾ?" ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದ ಸಮಾರ್ಯದವನ ಕಥೆಯನ್ನು ಇಬ್ಬರೂ ಸೇರಿ ಓದಿದೆವು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದಿದ್ದ ಅಪರಿಚಿತನ ಗಾಯ ಅವನು ಕಟ್ಟಿದ, ಛತ್ರಕ್ಕೆ ಕರೆದುಕೊಂಡು ಹೋದ, ಒಂದು ರಾತ್ರಿ ಆರೈಕೆ ಮಾಡಿದ. ಮಾರನೇ ದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಇವನನ್ನು ನೋಡಿಕೋ ಎಂದು ಹೇಳಿ ತನ್ನ ಪ್ರಯಾಣ ಮುಂದುವರಿಸಿದ. ಒಬ್ಬನೇ ಎಲ್ಲ ಮಾಡಲಿಲ್ಲ. ಯೇಸು ಅವನನ್ನೇ ಮಾದರಿಯಾಗಿ ತೋರಿಸಿದ. ಸುನೀತಾ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತರು.

ಬೆಂಗಳೂರಿನ ತಮ್ಮನಿಗೆ ಫೋನ್ ಮಾಡಿ ನೇರವಾಗಿ ಕೇಳಿದರು: ವಾರಕ್ಕೆ ಎರಡು ರಾತ್ರಿ ಹೋಮ್ ನರ್ಸ್ ಬೇಕು, ಖರ್ಚು ನಿನ್ನದು. ಅವನು ಒಪ್ಪಿದ. ಎರಡು ವರ್ಷದಲ್ಲಿ ಇವರು ಒಮ್ಮೆಯೂ ಕೇಳಿರಲಿಲ್ಲ!

ನಿಜವನ್ನು ಮೊದಲು ಒಬ್ಬರಿಗೆ ಮಾತ್ರ ಹೇಳಿ, ಎಲ್ಲರ ಮುಂದೆ ಬೇಡ ಎಂದೂ ಹೇಳಿದ್ದೆ. ಸ್ತ್ರೀ ಸಭೆಯ ಒಬ್ಬ ನಿವೃತ್ತ ನರ್ಸ್ ಅನ್ನು ಅವರೇ ಆರಿಸಿಕೊಂಡರು. ಆ ಅಕ್ಕ ಎಲ್ಲ ಕೇಳಿ, ತಾನು ಅತ್ತೆಯನ್ನು ನೋಡಿಕೊಂಡ ದಿನಗಳನ್ನು ಹೇಳಿದರಂತೆ. ತಿಂಗಳ ನಂತರ ಕೂಟದಲ್ಲಿ ಸುನೀತಾ ಬೇರೆಯೇ ಸಾಕ್ಷಿ ಹೇಳಿದರು. ಒಬ್ಬರು ಎದ್ದು ಹೋದರು, ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ. ಮನೆ ವಿಷಯ ಊರಿಗೆಲ್ಲ ಯಾಕೆ ಎಂದು ಗಂಡನಿಗೂ ಬೇಸರ, ಅದು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ನಾಲ್ವರು ಹೆಂಗಸರು ಶನಿವಾರ ಮಧ್ಯಾಹ್ನ ಸರದಿಯಲ್ಲಿ ಬಂದು ಅಮ್ಮನ ಹತ್ತಿರ ಕೂರತೊಡಗಿದರು. ಈಗ ಪಕ್ಕದ ಬೀದಿಯಲ್ಲಿ ಹಾಸಿಗೆ ಹಿಡಿದಿರುವ ಬ್ಯಾರಿ ಮುಸ್ಲಿಂ ಅಜ್ಜಿಯ ಮನೆಗೂ ಹೋಗುತ್ತಾರೆ.

ಸಂಡೇ ಸ್ಕೂಲ್ ಬಿಡುತ್ತೇನೆ ಎಂದಿದ್ದರು. ಬಿಡಬೇಡಿ, ಮಕ್ಕಳ ಕೈಗೆ ಒಂದು ಕೆಲಸ ಕೊಡಿ ಎಂದೆ. ಮಾತು ಹೋದವರಿಗೆ ಚಿತ್ರದ ಕಾರ್ಡ್‌ಗಳಿಂದ ಅನುಕೂಲ ಆಗುತ್ತದೆ, ತೋರಿಸಿ ಕೇಳಬಹುದು. ಒಂದು ಭಾನುವಾರ ಬಾಯಿಪಾಠದ ವಚನ ಬಿಟ್ಟು ಮಕ್ಕಳು ಕೂತು ಚಿತ್ರ ಬಿಡಿಸಿದರು. ನೀರು, ನೋವು, ಚಳಿ, ಲೈಟ್ ಆರಿಸು, ಹಾಡು ಹೇಳು. ಒಬ್ಬ ಹುಡುಗ ಪಟ್ಟಿಯಲ್ಲಿ ಇಲ್ಲದ್ದನ್ನು ಬಿಡಿಸಿದ್ದ, ಮೀನಿನ ಸಾರು. ಸುನೀತಾ ಅದನ್ನು ತೆಗೆದಿಡಬೇಕೆಂದಿದ್ದರು, ಅವನ ಮುಖ ನೋಡಿ ಸೇರಿಸಿಕೊಂಡರು.

ಅಮ್ಮನ ಮುಂದೆ ಎಲ್ಲವನ್ನೂ ಹರಡಿದರು. ಅಮ್ಮ ಎಡಗೈಯನ್ನು ನಿಧಾನವಾಗಿ ಎತ್ತಿ ಆ ಮೀನಿನ ಮೇಲೆ ಇಟ್ಟರು. ಎರಡು ವರ್ಷದಿಂದ ಬರೀ ಉಪ್ಪು ಗಂಜಿ ಕೊಡುತ್ತಿದ್ದೆ ಎಂದು ಸುನೀತಾ ನನಗೆ ಹೇಳುವಾಗ ಅಳುತ್ತಿದ್ದರು, ನಗುತ್ತಲೂ ಇದ್ದರು. ನುಂಗಲು ತೊಂದರೆ ಇಲ್ಲವಾ ಎಂದು ಆ ನರ್ಸ್ ಅಕ್ಕ ಮೊದಲು ನೋಡಿದರು. ಆ ಸಂಜೆ ಗಂಜಿಗೆ ಬಂಗುಡೆ ಸಾರಿನ ತಿಳಿ ಕಲಸಿ ಕೊಟ್ಟರಂತೆ. ಅಮ್ಮ ಬಟ್ಟಲು ಪೂರ್ತಿ ಖಾಲಿ ಮಾಡಿದರು.