ಮಗ ಜಿಂಕೆ ಬೇಟೆಗೆ ಹೊರಟಿದ್ದಾನೆ, ಬೇಡ ಅನ್ನಲಾ?

ಪ್ರಶ್ನೆ: ಮಗ ನ್ಯೂಜಿಲೆಂಡ್‌ನಲ್ಲಿ ಕೆಲಸದಲ್ಲಿದ್ದಾನೆ. ಏಪ್ರಿಲ್ ಮೊದಲ ವಾರ ಗೆಳೆಯರ ಜೊತೆ ಕಾಡಿಗೆ ಜಿಂಕೆ ಬೇಟೆಗೆ ಹೋಗುತ್ತಾನಂತೆ. ಅದು ಅವುಗಳ ಬೆದೆಗಾಲವಂತೆ. ಇಲ್ಲಿ ಜಿಂಕೆ ಹೊಡೆದರೆ ಜೈಲು. ಅಲ್ಲಿ ತಪ್ಪಲ್ವಾ? ಅದೂ ಬೆದೆಯಲ್ಲಿರುವ ಪ್ರಾಣಿಯನ್ನು ಕೊಲ್ಲುವುದು ಪಾಪ ಅಲ್ವಾ? ನನಗಂತೂ ಭಯ.
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಮ್ಮಾ, ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಅಲ್ಲಿ ಅದು ತಪ್ಪಲ್ಲ. ಕೋವಿಗೆ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಲೈಸೆನ್ಸ್ ಇರುವವರು ಪಕ್ಕದಲ್ಲೇ ಇದ್ದು ನೋಡಿಕೊಳ್ಳಬೇಕು. ಸರ್ಕಾರಿ ಕಾಡಾದರೆ ಸಂರಕ್ಷಣಾ ಇಲಾಖೆಯ ಪರ್ಮಿಟ್ ಬೇಕು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಜಿಂಕೆಯನ್ನು ಕಾಯುತ್ತದೆ, ಕಾಯಲೇಬೇಕು. ಅದು ಈ ಮಣ್ಣಿನದೇ ಪ್ರಾಣಿ, ಚಿರತೆಗೆ ಊಟ. ಅಲ್ಲಿ ಹಾಗಲ್ಲ. ಬಾವಲಿ ಬಿಟ್ಟರೆ ನೆಲದ ಸಸ್ತನಿ ಯಾವುದೂ ಆ ದ್ವೀಪಗಳದ್ದಲ್ಲ. 19ನೇ ಶತಮಾನದಲ್ಲಿ ಬ್ರಿಟನ್‌ನಿಂದ ಹೋಗಿ ನೆಲೆಸಿದವರು ಶಿಕಾರಿಯ ಶೋಕಿಗೆ ಕೆಂಪು ಜಿಂಕೆಗಳನ್ನು ಹಡಗಿನಲ್ಲಿ ತಂದು ಬಿಟ್ಟರು. ಶ್ರೀಲಂಕಾದ ಕಡವೆಯೂ ಹಾಗೇ ಹೋಯಿತು. ಹುಲಿ ಇಲ್ಲ, ಚಿರತೆ ಇಲ್ಲ, ಸೀಳುನಾಯಿ ಇಲ್ಲ. ಜಿಂಕೆಗಳು ಹೆಚ್ಚಿದವು, ದೊಡ್ಡ ಮರಗಳ ಕೆಳಗೆ ಹುಟ್ಟುವ ಸಸಿಗಳನ್ನೆಲ್ಲ ಮೇಯ್ದು ಮುಂದಿನ ಕಾಡೇ ಬೆಳೆಯದ ಹಾಗೆ ಮಾಡಿದವು. ಕೊನೆಗೆ 1930ರಲ್ಲಿ ಅವುಗಳಿಗಿದ್ದ ರಕ್ಷಣೆ ತೆಗೆದರು. ಆಮೇಲೆ ಸರ್ಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ಕಾಡಿಗೆ ಕಳಿಸಿತು.

ಪಾಪದ ಮಾತು. ಮರಿಗಳು ಹುಟ್ಟುವುದು ನವೆಂಬರ್, ಡಿಸೆಂಬರ್ ಹೊತ್ತಿಗೆ, ಅವನ್ನು ಸಾಕುವುದು ತಾಯಿ. ಗಂಡು ಸತ್ತರೆ ಮರಿ ಅನಾಥ ಆಗುವುದಿಲ್ಲ. ಆದರೆ ನನ್ನ ತಕರಾರು ಬೇರೆ. ಒಂದು ಗಂಡು ಹೋದರೆ ಇನ್ನೊಂದು ಬಂದು ಅದೇ ಹಿಂಡನ್ನು ಸೇರುತ್ತದೆ, ಸಂಖ್ಯೆ ಇಳಿಯುವುದೇ ಇಲ್ಲ. ಕಾಡಿಗೆ ಉಪಕಾರ ಆಗಬೇಕಾದರೆ ಹೆಣ್ಣನ್ನು ಹೊಡೆಯಬೇಕು. ಕೇಳೋಕೆ ಕಷ್ಟ, ಲೆಕ್ಕ ಮಾತ್ರ ಅದೇ. ಬೆದೆಗಾಲದಲ್ಲಿ ಎಲ್ಲರ ಕಣ್ಣೂ ಕೊಂಬಿನ ಮೇಲೆ. ಆ ಗಂಡಿನ ಮಾಂಸವೋ, ಮದದ ವಾಸನೆ ಹಿಡಿದು ತಿನ್ನೋದೇ ಕಷ್ಟ. ಸುಮ್ನೆ ಕೊಂಬಿಗಾಗಿ ಒಂದು ಜೀವ ತೆಗೆಯಬೇಡ ಅಂತ ಮಗನಿಗೆ ನೀವು ಧಾರಾಳವಾಗಿ ಹೇಳಿ.

ನಾನು ಅಲ್ಲಿದ್ದಾಗ ಇಂಥ ಒಂದು ದಿನ ಗೆಳೆಯರ ಹಿಂದೆ ಬರಿಗೈಯಲ್ಲಿ ನಡೆದಿದ್ದೇನೆ. ಬೆಳಕು ಹರಿಯುವ ಮೊದಲೇ ಹೊರಡಬೇಕು. ಬೆಳಗ್ಗೆ ತಂಪು ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದರೆ ಮೇಲಕ್ಕೆ ತಿರುಗುತ್ತದೆ. ಅದನ್ನು ನೋಡಿಕೊಂಡೇ ಹೆಜ್ಜೆ, ಯಾಕೆಂದರೆ ನಮ್ಮ ವಾಸನೆ ಒಮ್ಮೆ ತಲುಪಿದರೆ ಅಲ್ಲಿಗೆ ಕಥೆ ಮುಗಿಯಿತು. ಒಂದು ಕಡೆ ಎಳೆಯ ಮರದ ತೊಗಟೆ ಸೊಂಟದೆತ್ತರಕ್ಕೆ ಸಿಗಿದು ನೇತಾಡುತ್ತಿತ್ತು, ಕೊಂಬು ಉಜ್ಜಿದ ಜಾಗ ಮುಟ್ಟಿದರೆ ಇನ್ನೂ ಅಂಟು. ಪಕ್ಕದಲ್ಲೇ ಅದು ಹೊರಳಾಡಿದ ಕೆಸರುಗುಂಡಿ, ನೀರು ಇನ್ನೂ ತಿಳಿಯಾಗಿರಲಿಲ್ಲ. ಆಮೇಲೆ ಎದುರು ಗುಡ್ಡದಿಂದ ಗುಟುರು ಕೇಳಿತು, ಹೋರಿ ಗುಟುರು ಹಾಕಿದ ಹಾಗೆ, ಎದೆಯೊಳಗೇ ಬಡಿಯುವಂಥದ್ದು. ಗೆಳೆಯ ಕೊಳವೆಯಲ್ಲಿ ಅದೇ ದನಿ ತೆಗೆದು ಉತ್ತರ ಕೊಟ್ಟ. ಎದುರಾಳಿ ಬಂದ ಅಂದುಕೊಂಡು ಗಂಡು ಹತ್ತಿರ ಬರಲಿ ಅಂತ.

ಅಮ್ಮಾ, ಅಪಾಯ ಇರೋದು ಇಲ್ಲೇ. ಆಚೆ ಉತ್ತರ ಕೊಡುತ್ತಿರುವುದು ಜಿಂಕೆಯೇ ಆಗಬೇಕಿಲ್ಲ, ಕೊಳವೆ ಹಿಡಿದ ಇನ್ನೊಬ್ಬ ಬೇಟೆಗಾರನೂ ಇರಬಹುದು. ಆ ದೇಶದಲ್ಲಿ ಬೇಟೆಗಾರ ಬೇಟೆಗಾರನನ್ನೇ ಹೊಡೆದು ಕೊಂದಿರುವುದುಂಟು. ಜೊತೆಗೆ ಬಂದವರೇ ಎಷ್ಟೋ ಸಲ ಗುಂಡಿಗೆ ಸಿಕ್ಕಿದ್ದಾರೆ. ಹಾಗಾಗಿ ಮಗನಿಗೆ ಈ ಮಾತು ಕಡ್ಡಾಯ: ಶಬ್ದಕ್ಕೆ ಹೊಡೆಯಬೇಡ, ಪೊದೆ ಅಲುಗಾಡಿದ್ದಕ್ಕೆ ಹೊಡೆಯಬೇಡ, ಕೊಂಬಿನ ತುದಿ ಕಂಡಿತು ಅಂತಲೂ ಹೊಡೆಯಬೇಡ, ಪೂರ್ತಿ ಪ್ರಾಣಿ ಕಂಡು ಇದು ಜಿಂಕೆಯೇ ಅಂತ ಖಾತ್ರಿ ಆಗುವವರೆಗೂ ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಗಾಢ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಲಿ. ಜೊತೆಯವರು ಕಣ್ಣಿಗೆ ಕಾಣದಿದ್ದರೆ, ಅವರು ಎಲ್ಲಿದ್ದಾರೆ ಅಂತ ಗೊತ್ತಾಗುವವರೆಗೆ ಬೇಟೆ ನಿಲ್ಲಿಸಲಿ. ಇಷ್ಟು ಒಪ್ಪಿದರೆ ಹೋಗಿಬರಲಿ ಬಿಡಿ.

ಪ್ರಶ್ನೆ: ನಮ್ಮ ಮನೆ ಬೋರಿವಲಿ ನ್ಯಾಷನಲ್ ಪಾರ್ಕ್ ಪಕ್ಕ. ರಾತ್ರಿ ಜಿಂಕೆ ಕೂಗುವುದು ಬೆದೆಗಾಲಕ್ಕಾ?
– ಓದುಗ, ಬೋರಿವಲಿ

ಉತ್ತರ: ರಾತ್ರಿ ತಟ್ಟನೆ ಚುಕ್ಕೆ ಜಿಂಕೆ ಕಿರುಚಿದರೆ, ಕಡವೆ ಢಾಂಕ್ ಅಂದರೆ, ಸಾಮಾನ್ಯವಾಗಿ ಅದು ಚಿರತೆ ಬಂತು ಅನ್ನುವ ಎಚ್ಚರಿಕೆ. ಆಗ ಟಾರ್ಚ್ ಹಿಡಿದು ನೋಡೋಕೆ ಹೋಗಬೇಡಿ. ಬೆದೆಯ ಕೂಗು ಬೇರೆ, ಉದ್ದಕ್ಕೆ ಎಳೆದ ಒರಟು ದನಿ. ಚುಕ್ಕೆ ಜಿಂಕೆಯದ್ದು ಬೇಸಿಗೆಯಲ್ಲಿ ಜಾಸ್ತಿ. ಕಡವೆಯದ್ದು ಮಳೆಗಾಲ ಕಳೆದು ಚಳಿ ಶುರುವಾದ ಮೇಲೆ. ಆಮೇಲೆ ಅವು ಕೊಂಬು ಉದುರಿಸುತ್ತವೆ. ಉದುರಿದ್ದು ಸಿಕ್ಕರೂ ಮನೆಗೆ ತರಬೇಡಿ, ಅದೂ ಕಾನೂನಿಗೆ ವಿರುದ್ಧ.